ಕೇಳದೆ ಬರೆದ ಸಾವು

ಮಾನ್ಯ ಆರೋಗ್ಯಾಧಿಕಾರಿಗಳೇ,

ಕಳೆದ ಫೆಬ್ರವರಿಯಲ್ಲಿ ನಿಮ್ಮ ಇಲಾಖೆ ಲೋರ್ನಾ ಎಂಬ ಒಜಿಬ್ವೆ ಮೂಲನಿವಾಸಿ ಹೆಂಗಸನ್ನು, ಅವಳ ಮೈ ಇನ್ನೂ ತಣ್ಣಗಾಗುವ ಮೊದಲೇ, ಬಿಳಿಯಳನ್ನಾಗಿ ಮಾಡಿತು. ಅವಳು ಬದುಕಿದ್ದ ಅರವತ್ತೊಂದು ವರ್ಷ ಯಾವ ಸರ್ಕಾರಕ್ಕೂ, ಯಾವ ಶಾಲೆಗೂ, ಯಾವ ಪಾದ್ರಿಗೂ ಸಾಧ್ಯವಾಗದ ಕೆಲಸವನ್ನು ನಿಮ್ಮ ಸಿಬ್ಬಂದಿಯ ಒಂದು ಬೆರಳು ಟ್ಯಾಬ್ಲೆಟ್ಟಿನ ಗಾಜು ಮುಟ್ಟಿ ಮುಗಿಸಿತು. ಇದು ನಿಮಗೆ ಗೊತ್ತಿರಲಿಕ್ಕಿಲ್ಲ. ಗೊತ್ತಾಗದಂತೆ ನಿಯಮ ಮಾಡಿದವರು ನೀವೇ. ಆ ಸಾವು ಅವಳ ಜನರ ಲೆಕ್ಕಕ್ಕೆ ಬರಲಿಲ್ಲ. ಅಂಥ ಸಾವುಗಳು ಬರದೇ ಇದ್ದುದರಿಂದ, ಅವಳ ಮಗಳ ಮೂತ್ರಪಿಂಡ ನೋಡಲು ವಾರಕ್ಕೊಮ್ಮೆ ಬರುತ್ತಿದ್ದ ನರ್ಸಿನ ಕೆಲಸ ಈ ತಿಂಗಳ ಕೊನೆಗೆ ನಿಲ್ಲುತ್ತದೆ. ನನ್ನ ದೂರು ಇಷ್ಟೇ. ಉಳಿದದ್ದೆಲ್ಲ ವಿವರಣೆ.

ನಿಮ್ಮ ಇಲಾಖೆಗೆ ಇಂಗ್ಲಿಷಿನಲ್ಲಿಯೂ ಬರೆದು ನೋಡಿದೆ. ನನ್ನ ಅನಿಸಿಕೆ ತಮಗೆ ಬಹಳ ಮುಖ್ಯ ಎಂದು ಯಂತ್ರವೊಂದು ಉತ್ತರ ಕಳಿಸಿತು. ಅದಕ್ಕೇ ಈಗ ಕನ್ನಡದಲ್ಲಿ, ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ, ಎಲ್ಲರೆದುರಿಗೆ ಬರೆಯುತ್ತಿದ್ದೇನೆ. ಇದಕ್ಕಿಂತ ಸರಿಯಾದ ಜಾಗವೂ ಇಲ್ಲ, ಏಕೆಂದರೆ ನಿಮ್ಮ ನಿಯಮ ಹುಟ್ಟಿದ್ದೇ ಕನ್ನಡದ ಮನೆಯೊಂದರಲ್ಲಿ. ಮನೆಗೆ ಬಂದವರ ಜಾತಿ ಕೇಳಬಾರದು ಎಂದು ನಮಗೆಲ್ಲ ಚಿಕ್ಕಂದಿನಿಂದ ಕಲಿಸಿದ್ದಾರೆ. ನೀವು ಅದನ್ನು ನಮ್ಮ ಕೌಂಟಿಗೆ, ಅಂದರೆ ಇಡೀ ಜಿಲ್ಲೆಗೆ, ವಿಸ್ತರಿಸಿದಿರಿ. ಕ್ಲಿನಿಕ್ಕಿನಲ್ಲಿ, ಆಸ್ಪತ್ರೆಯಲ್ಲಿ, ಹೆಣದ ಪಕ್ಕದಲ್ಲಿ, ಎಲ್ಲಿಯೂ ನಮ್ಮ ಸಿಬ್ಬಂದಿ ಯಾರ ಜನಾಂಗವನ್ನೂ ಕೇಳಕೂಡದು ಎಂದು ಎರಡು ವರ್ಷದ ಹಿಂದೆ ಆದೇಶ ಹೊರಡಿಸಿದಿರಿ. ಸಂಘ ನಿಮಗೆ ಶಾಲು ಹೊದಿಸಿತು. 'ಜಾತಿ ಕೇಳದ ಕೌಂಟಿ' ಎಂದು ಇದೇ ಪತ್ರಿಕೆ ಮುಖಪುಟದಲ್ಲಿ ಬರೆಯಿತು. ಅಂದಿನ ಹೋಳಿಗೆ ಊಟಕ್ಕೆ ನಾನೂ ಇದ್ದೆ. ಹೋಳಿಗೆ ಚೆನ್ನಾಗಿತ್ತು.

ನಾನು ಯಾರೆಂದು ನೀವು ಕೇಳುವುದಿಲ್ಲ, ನಿಯಮ ಅಡ್ಡ ಬರುತ್ತದೆ. ನಾನೇ ಹೇಳುತ್ತೇನೆ. ಬಾಗಲಕೋಟೆಯಲ್ಲಿ ಏಳನೇ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿ, ಅಪ್ಪನ ಕೆಲಸದ ಬೆನ್ನು ಹತ್ತಿ ಮಿಶಿಗನ್ ರಾಜ್ಯದ ನಾರ್ತ್‌ವಿಲ್‌ಗೆ ಬಂದು, ಅಲ್ಲಿ ಹನ್ನೊಂದನೇ ತರಗತಿಯ ನಡುವೆ ಶಾಲೆ ಬಿಟ್ಟವನು. ಅಪ್ಪ ಕಾರಿನ ಕಂಪನಿಯಲ್ಲಿ ಎಂಜಿನಿಯರ್, ಅಮ್ಮ ಡಾಕ್ಟರ್. ಅವರ ಪರಿಚಯದವರ ಮನೆಗಳಲ್ಲಿ ನನ್ನ ವಿಷಯ ಬಂದಾಗ ಮಾತು ಹವಾಮಾನದ ಕಡೆಗೆ ತಿರುಗುತ್ತದೆ. ಪಿಜ್ಜಾ ಹಂಚಿದೆ, ಗೋದಾಮಿನಲ್ಲಿ ಡಬ್ಬಿ ಎತ್ತಿದೆ, ಒಂದು ಚಳಿಗಾಲ ಹಿಮ ಬಾಚಿದೆ. ಒಂದು ಕಡೆ ನಿಲ್ಲದ ಕಾಲು ನನ್ನದು. ಕೊನೆಗೆ ಸಿಕ್ಕ ಕೆಲಸ ಕೂತಲ್ಲೇ ಓಡಾಡುವಂಥದ್ದು: ಡಯಾಲಿಸಿಸ್ ರೋಗಿಗಳನ್ನು ಮನೆಯಿಂದ ಕೇಂದ್ರಕ್ಕೆ, ಕೇಂದ್ರದಿಂದ ಮನೆಗೆ ವ್ಯಾನಿನಲ್ಲಿ ಕರೆದೊಯ್ಯುವುದು.

ಲೋರ್ನಾ ಹಾಗೆ ನನ್ನ ವ್ಯಾನು ಹತ್ತಿದವಳು. ದಕ್ಷಿಣ ವಾರೆನ್‌ನಲ್ಲಿ, ಒಂದು ಕಾಲದಲ್ಲಿ ಕಾರ್ಖಾನೆಯವರಿಗಾಗಿ ಕಟ್ಟಿದ ಸಾಲುಮನೆಗಳಲ್ಲಿ ಒಂದರಲ್ಲಿ ಅವಳ ವಾಸ. ತಿಳಿ ಬಣ್ಣ, ಬೂದು ಕಣ್ಣು, ಮುತ್ತಜ್ಜನಾದ ಯಾರೋ ಫ್ರೆಂಚ್ ತುಪ್ಪಳದ ವ್ಯಾಪಾರಿ ಬಿಟ್ಟುಹೋದ ಅಡ್ಡಹೆಸರು. ನೋಡಿದವರಿಗೆ ಬಿಳಿಯಳೇ. ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ವಾರವೇ ಅವಳು ನನ್ನ ಕಥೆಯನ್ನೆಲ್ಲ ಹೊರತೆಗೆದು, ಅಂದಿನಿಂದ 'ಡ್ರಾಪ್‌ಔಟ್' ಎಂದೇ ಕರೆದಳು. ಅವಳ ಇಂಗ್ಲಿಷ್ ಮಾತನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಧಾಟಿ ಅವಳದೇ.

"ಏಯ್ ಡ್ರಾಪ್‌ಔಟ್, ಹೀಟರ್ ಜೋರು ಮಾಡು. ನನ್ನ ರಕ್ತ ಈಗಷ್ಟೇ ಮೆಷಿನ್ನಿಂದ ವಾಪಸ್ ಬಂದಿದೆ, ಅದಕ್ಕಿನ್ನೂ ದಾರಿ ಗೊತ್ತಿಲ್ಲ."

ಮನೆಯಲ್ಲಿ ಅಪ್ಪನ ಜೊತೆ ಜಗಳವಾಡಿ ನಾನು ವ್ಯಾನಿನಲ್ಲೇ ಮಲಗುತ್ತಿದ್ದೇನೆ ಎಂದು ಗೊತ್ತಾದಾಗ ಮಹಡಿಯ ಕೋಣೆ ತೋರಿಸಿದಳು. "ನನ್ನ ಮಗನ ಕೋಣೆ. ಅವನು ಬರಲ್ಲ," ಎಂದಳು. ಮಗ ಮೂವತ್ತನಾಲ್ಕಕ್ಕೆ ಸತ್ತಿದ್ದ. ಅವಳ ತಾಯಿ ಐವತ್ತೆಂಟಕ್ಕೆ. ಅವಳಿಗೆ ಅರವತ್ತು ತುಂಬಿದ ದಿನ ನೆಂಟರೆಲ್ಲ ಬಂದು, ತಮ್ಮ ಪೈಕಿ ಅಷ್ಟು ವಯಸ್ಸು ಕಂಡವಳು ಇವಳೇ ಎಂದು ದೊಡ್ಡ ಕುರ್ಚಿಯಲ್ಲಿ ಕೂರಿಸಿದರಂತೆ. "ನಿಮ್ಮಲ್ಲಿ ಅರವತ್ತಕ್ಕೆ ಏನ್ಮಾಡ್ತಾರೆ?" ಎಂದು ಕೇಳಿದಳು. ನಮ್ಮಲ್ಲೂ ಶಾಂತಿ, ಹೋಮ, ಊಟ ಎಲ್ಲ ಮಾಡುತ್ತಾರೆ ಎಂದೆ. "ಹಾಗಾದ್ರೆ ನೀವೂ ಬೇಗ ಸಾಯೋರೇ," ಎಂದು ಸಮಾಧಾನಪಟ್ಟಳು. ಈಚೆಗೆ ಹಾಗಿಲ್ಲ, ನಮ್ಮ ಅಂಕಲ್‌ಗಳು ಎಂಬತ್ತಕ್ಕೆ ಗಾಲ್ಫ್ ಆಡುತ್ತಾರೆ ಎಂದೆ. "ಗಾಲ್ಫ್," ಎಂದಳು, ಯಾವುದೋ ದೂರದ ಗ್ರಹದ ಹೆಸರಿನ ಹಾಗೆ.

ಹೋದ ಅಕ್ಟೋಬರಿನಲ್ಲಿ ಅವಳ ಅಣ್ಣ ಶಿಕಾಗೋದಲ್ಲಿ ತೀರಿಕೊಂಡ. ಅವನಿಗೆ ಅರವತ್ತಮೂರು. ಕುರ್ಚಿ ಅವನದಾಗಬೇಕಿತ್ತು, ಆದರೆ ಅವನು ಎಲ್ಲಿದ್ದಾನೆಂಬುದೇ ಎಷ್ಟೋ ವರ್ಷ ಯಾರಿಗೂ ಗೊತ್ತಿರಲಿಲ್ಲ. ಅವರ ತಂದೆ ತಾಯಿಯನ್ನು ಐವತ್ತರ ದಶಕದಲ್ಲಿ ಸರ್ಕಾರವೇ ರಿಸರ್ವೇಶನ್ನಿನಿಂದ, ಅಂದರೆ ಮೂಲನಿವಾಸಿಗಳಿಗೆಂದು ಮೀಸಲಿಟ್ಟ ನೆಲದಿಂದ, ಎಬ್ಬಿಸಿ, ಹೋಗುವುದಕ್ಕೆ ಮಾತ್ರ ಟಿಕೆಟ್ಟು ಕೊಟ್ಟು, ನಗರದಲ್ಲಿ ಕೆಲಸವಿದೆ, ಒಳ್ಳೆಯ ಬದುಕಿದೆ ಎಂದು ಶಿಕಾಗೋಗೆ ಕಳಿಸಿತ್ತು. ಹಾಗೆ ಕಳಿಸಿದವರು ಸಾವಿರಾರು. ಊರು ಬಿಟ್ಟವರಿಗೆ ಊರಿನ ಆಸ್ಪತ್ರೆಯ ಹಕ್ಕು ತಪ್ಪುತ್ತದೆ ಎಂಬುದನ್ನು ಟಿಕೆಟ್ಟಿನ ಜೊತೆ ಯಾರೂ ಹೇಳಿರಲಿಲ್ಲ. ಅವಳನ್ನು ಅಲ್ಲಿಗೆ ಕರೆದೊಯ್ದವನು ನಾನೇ. ಮಣ್ಣು ಮುಗಿಸಿ ಹೊರಟಾಗ ಲೋರ್ನಾ ತೀರ ಸೋತಿದ್ದಳು. ಶಾಮ್‌ಬರ್ಗ್‌ನಲ್ಲಿ ನಮ್ಮ ದೊಡ್ಡಮ್ಮ ಶಿವಲಿಂಗಮ್ಮ ಇದ್ದಾಳೆ, ಇಲ್ಲೇ ಹತ್ತಿರ, ಅಲ್ಲಿ ಒಂದು ರಾತ್ರಿ ಇದ್ದು ಹೋಗೋಣ ಎಂದೆ.

ದೊಡ್ಡಮ್ಮ ಬಾಗಿಲು ತೆರೆದವಳೇ ಲೋರ್ನಾಳ ಕೈ ಹಿಡಿದು ಒಳಗೆ ಎಳೆದಳು. "ಯವ್ವಾ, ಎಷ್ಟ್ ಸೊರಗ್ಯಾಳ ಈಕಿ! ನಿಂತು ಮಾತಾಡ್ಸಾಕ ಹತ್ತೀಯಲ್ಲ, ಮೊದ್ಲ ಕುಂದ್ರಸು. ರೊಟ್ಟಿ ಬಿಸಿ ಅದಾವ." ಜೋಳದ ರೊಟ್ಟಿ ಬಡಿದು, ಡಯಾಲಿಸಿಸ್ಸಿನವಳು ಎಂದು ನಾನು ಹೇಳಿದ್ದಕ್ಕೆ ಪಲ್ಯಕ್ಕೆ ಉಪ್ಪು ಹಾಕದೆ, ತನ್ನ ಶಾಲು ಹೊದಿಸಿ, ತನ್ನ ಹಾಸಿಗೆಯಲ್ಲೇ ಮಲಗಿಸಿದಳು. ಹೆಸರು ಬಿಟ್ಟು ಬೇರೇನನ್ನೂ ಕೇಳಲಿಲ್ಲ. ಮಾರನೆಯ ಬೆಳಿಗ್ಗೆ ಹೆದ್ದಾರಿ ಹಿಡಿದಾಗ ನನಗೆ ಒಳಗೊಳಗೇ ಹೆಮ್ಮೆ.

"ನಿನ್ನ ಆಂಟಿ ನಾನ್ಯಾರು ಅಂತ ಕೇಳಲೇ ಇಲ್ಲ," ಎಂದಳು ಲೋರ್ನಾ.

"ನಮ್ಮಲ್ಲಿ ಕೇಳಲ್ಲ. ಮನೆಗೆ ಬಂದವರನ್ನ ಯಾರು, ಯಾವ ಜನ ಅಂತ ಕೇಳೋದು ತಪ್ಪು."

"ಹ್ಞೂಂ." ಇಂಡಿಯಾನಾ ಗಡಿ ದಾಟಿದೆವು. ಆಮೇಲೆ, "ಕೇಳಬಹುದಿತ್ತು. ಅಷ್ಟು ಚೆನ್ನಾಗಿ ನೋಡ್ಕೊಂಡಳು. ಹೇಳೋಕೆ ಆಸೆ ಇತ್ತು ನನಗೆ."

ಈ ಮಾತನ್ನು ನಾನು ಆಗ ಕೇಳಿಸಿಕೊಂಡೆ, ಅಷ್ಟೆ. ಅದು ನನ್ನೊಳಗೆ ಇಳಿದದ್ದು ಫೆಬ್ರವರಿಯಲ್ಲಿ.

ಆ ತಿಂಗಳು ಅವಳು ಡಯಾಲಿಸಿಸ್ ಯಂತ್ರದಲ್ಲಿದ್ದಾಗಲೇ ಹೃದಯ ತಡವರಿಸಿ, ಆಸ್ಪತ್ರೆಗೆ ಸೇರಿಸಿದರು. ಮಗಳು ಡೀನಾ ಉತ್ತರದ ನೆಂಟರ ಮನೆಗೆ ಹೋಗಿದ್ದಳು. ಗಾಳಿಗೆ ದೊಡ್ಡ ಸೇತುವೆ ಮುಚ್ಚಿ ಆಚೆ ದಡದಲ್ಲೇ ಸಿಕ್ಕಿಕೊಂಡಳು. ಹೀಗಾಗಿ ಸಾಯುವ ಹೊತ್ತಿಗೆ ಪಕ್ಕದಲ್ಲಿದ್ದವನು ಬಾಡಿಗೆದಾರನಾದ ನಾನೊಬ್ಬನೇ. ಬೆಳಿಗ್ಗೆ, ಸೂರ್ಯ ಆಗಷ್ಟೇ ಪಾರ್ಕಿಂಗ್ ಲಾಟಿನ ಹಿಮದ ಗುಡ್ಡೆಗಳ ಮೇಲೆ ಬಿದ್ದಿದ್ದ. ನಿಮ್ಮ ಇಲಾಖೆಯ ಮರಣ ದಾಖಲೆಯ ಹೆಂಗಸು ಟ್ಯಾಬ್ಲೆಟ್ ಹಿಡಿದು ಬಂದಳು. ಒಳ್ಳೆಯವಳೇ. ನನ್ನ ಭುಜ ಮುಟ್ಟಿ ಸಂತಾಪ ಹೇಳಿದಳು. ಹುಟ್ಟಿದ ದಿನ, ಊರು, ಗಂಡನಿದ್ದಾನೆಯೇ, ಎಷ್ಟು ಓದಿದ್ದಳು, ಸಿಗರೇಟು ಸೇದುತ್ತಿದ್ದಳೇ, ಎಲ್ಲ ಕೇಳಿದಳು. ಆಮೇಲೆ ಒಮ್ಮೆಲೆ ಮಾತು ನಿಲ್ಲಿಸಿ, ಹಾಸಿಗೆಯ ಮೇಲಿದ್ದ ಮುಖವನ್ನು ನೋಡಿ, ಏನನ್ನೋ ಒತ್ತಿದಳು.

"ಈಗ ಏನ್ ಬರೆದ್ರಿ?" ಎಂದೆ.

"ಅದು ನಾವು ಕೇಳೋ ಹಾಗಿಲ್ಲದ ಪ್ರಶ್ನೆ, ಸರ್."

"ನೀವು ಕೇಳ್ಬೇಡಿ, ನಾನೇ ಹೇಳ್ತೀನಿ. ಅವಳು ಒಜಿಬ್ವೆ."

"ಕೇಳದೇ ಹೇಳಿದ್ದನ್ನ ತಗೊಳ್ಳೋ ಹಾಗೂ ಇಲ್ಲ. ಯಾರಿಗೂ ಹೇಳಲೇಬೇಕು ಅಂತ ಅನ್ನಿಸಬಾರದು ಅಂತ ಹಾಗೆ ಮಾಡಿದಾರೆ."

"ಹಾಗಿದ್ರೆ ಖಾಲಿ ಬಿಡಿ."

"ಖಾಲಿ ಬಿಟ್ರೆ ಇದು ಮುಂದಿನ ಪುಟಕ್ಕೆ ಹೋಗಲ್ಲ." ಅವಳ ಮುಖ ಸಣ್ಣಗಾಯಿತು. "ಅದಕ್ಕೇ ನಾವು ಕಣ್ಣಿಗೆ ಕಂಡಿದ್ದು ಹಾಕ್ತೀವಿ."

ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಬಿಳಿಯಳು ಎಂದಿತ್ತು.

"ಅದು ಸುಳ್ಳು," ಎಂದೆ.

"ಸಾರಿ. ನಮ್ಮ ಬಾಸ್ ನಿಮ್ಮ ದೇಶದವರೇ ಇರ್ಬೇಕು, ಅಲ್ವಾ? ತುಂಬಾ ಒಳ್ಳೆ ಮನುಷ್ಯ. ಈ ಒಂದು ವಿಷಯದಲ್ಲಿ ಮಾತ್ರ ಭಾರೀ ಸ್ಟ್ರಿಕ್ಟು."

ಗಮನಿಸಿ, ಮಾನ್ಯರೇ. ನೀವು ಕೇಳಬೇಡಿ ಎಂದಿರಿ. ಬರೆಯಬೇಡಿ ಎನ್ನಲಿಲ್ಲ. ಬರೆಯಲೇಬೇಕಾದ, ಆದರೆ ಕೇಳಬಾರದ ಪ್ರಶ್ನೆಗೆ ಉತ್ತರ ಎಲ್ಲಿಂದ ಬರುತ್ತದೆ? ನೋಡುವವರ ಕಣ್ಣಿನಿಂದ. ನಮ್ಮ ಹಳ್ಳಿಗಳಲ್ಲಿ ಜಾತಿ ಕೇಳದ ದೊಡ್ಡ ಮನುಷ್ಯರು ಅಂಗಿ, ಬಣ್ಣ, ಮಾತಿನ ಧಾಟಿ ನೋಡಿಯೇ ಲೋಟ ಯಾವುದು ಕೊಡಬೇಕೆಂದು ತೀರ್ಮಾನಿಸುತ್ತಿರಲಿಲ್ಲವೇ? ನೀವು ತಂದ ಸಮಾನತೆ ಅದೇ ಲೋಟ, ಟ್ಯಾಬ್ಲೆಟ್ಟಿನ ರೂಪದಲ್ಲಿ.

ಡೀನಾ ಮರುದಿನ ಬಂದಳು. ಅವರ ಪದ್ಧತಿಯಂತೆ ಹಿತ್ತಲಲ್ಲಿ ಬೆಂಕಿ ಹಾಕಿ ನಾಲ್ಕು ದಿನ ಆರದಂತೆ ಕಾದೆವು. ಸತ್ತವರಿಗೆ ನಾಲ್ಕು ದಿನದ ದಾರಿ ಇದೆ, ಬೆಂಕಿ ಅವರಿಗೆ ಬೆಳಕು ಎಂದಳು. ಪಕ್ಕದ ಮನೆಯವರು ದೂರು ಕೊಟ್ಟು ಅಗ್ನಿಶಾಮಕದವನೊಬ್ಬ ಬಂದ. ವಿಷಯ ತಿಳಿದು ಹೆಲ್ಮೆಟ್ ತೆಗೆದು, ಬಕೆಟ್ ನೀರು ಹತ್ತಿರ ಇಟ್ಟುಕೊಳ್ಳಿ ಎಂದಷ್ಟೇ ಹೇಳಿ ಹೋದ. ನಾನು ಸೌದೆ ಒಟ್ಟುತ್ತಿದ್ದಾಗ, ಆಸ್ಪತ್ರೆಯಲ್ಲಿ ಆದದ್ದನ್ನು ಡೀನಾಳಿಗೆ ಹೇಳಿದೆ. ಅವಳು ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಹೆದರಿದಳು.

"ದಾರಿಯ ಕೊನೇಲಿ ಕೇಳ್ತಾರೆ," ಎಂದಳು. "ನೀನು ಯಾರು, ಯಾವ ಕುಲ ಅಂತ. ಹೇಳಿದರೇನೇ ನಮ್ಮವರು ಗುರುತು ಹಿಡಿದು ಕರ್ಕೊಳ್ಳೋದು."

ಅವರದು ಕೊಕ್ಕರೆಯ ಕುಲ. ನಮ್ಮ ಕಡೆ ಬೆಡಗು ಎನ್ನುತ್ತಾರಲ್ಲ, ಹಾಗೆ.

"ನಿಮ್ಮಮ್ಮ ಹೇಳ್ತಾಳೆ ಬಿಡು," ಎಂದೆ. "ಅವಳ ಬಾಯಿ ಮುಚ್ಚಿಸೋಕೆ ಯಾರಿಂದ ಆಗುತ್ತೆ?"

ಡೀನಾ ನಕ್ಕಳು, ನಗುತ್ತಲೇ ಅತ್ತಳು. ಆಮೇಲೆ ಬೆಂಕಿಯನ್ನೇ ನೋಡುತ್ತ ಅಂದಳು: "ಅಲ್ಲಿ ಕೇಳ್ತಾರೆ. ಇಲ್ಲಿ ಯಾಕೆ ಕೇಳಲಿಲ್ಲ?"

ನಾನು ದೆವ್ವ ನಂಬುವವನಲ್ಲ. ಆದರೆ ಸುಳ್ಳೂ ಹೇಳಲಾರೆ. ನಾಲ್ಕು ದಿನ ಮುಗಿದು ತಿಂಗಳುಗಳಾದವು, ಆ ಮನೆಯಿಂದ ಅವಳು ಹೋಗಿಲ್ಲ. ಡಯಾಲಿಸಿಸ್ ಕೇಂದ್ರದ ಯಂತ್ರ ಈಗಲೂ ಕರೆ ಮಾಡಿ, 'ಲೋರ್ನಾ, ನಾಳೆ ನಿಮ್ಮ ಸರದಿ' ಎನ್ನುತ್ತದೆ. ನಿಲ್ಲಿಸಿ ಎಂದು ಹೇಳಿದ್ದೇನೆ, ನಿಲ್ಲುವುದಿಲ್ಲ. ನಿಮ್ಮ ಇಲಾಖೆಯ ಲೆಕ್ಕದಲ್ಲಿ ಇಲ್ಲದವಳು ಇನ್ನೊಂದು ಯಂತ್ರದ ಲೆಕ್ಕದಲ್ಲಿ ಬದುಕಿದ್ದಾಳೆ. ವ್ಯಾನಿನಲ್ಲಿ ಅವಳ ಸೀಟು ಖಾಲಿಯಿದ್ದರೂ ಹೀಟರನ್ನು ನಾನು ಜೋರಾಗಿಯೇ ಇಡುತ್ತೇನೆ. ಕೆಲವು ಬೆಳಿಗ್ಗೆ ಮಂಜು ಕವಿದ ಹೆದ್ದಾರಿಯ ಅಂಚಿನಲ್ಲಿ, ಎಕ್ಸಿಟ್ ಫಲಕಗಳ ಕೆಳಗೆ, ಜನ ನಿಂತ ಹಾಗೆ ಕಾಣುತ್ತದೆ: ಒಬ್ಬಿಬ್ಬರಲ್ಲ, ಉದ್ದಕ್ಕೆ. ಹತ್ತಿರ ಹೋದರೆ ಕಂಬಗಳು. ಕಂಬವೆಂದು ಗೊತ್ತಿದ್ದರೂ ವೇಗ ಇಳಿಸುತ್ತೇನೆ. ತಪ್ಪು ಹೆಸರಿನಲ್ಲಿ ಕಳಿಸಿದವರು ಎಲ್ಲಿಗೆ ಹೋಗಬೇಕು, ಹೇಳಿ?

ಏಪ್ರಿಲ್‌ನಲ್ಲಿ ನಾರ್ತ್‌ವಿಲ್‌ನಲ್ಲಿ ಸಂಘದ ಆರೋಗ್ಯ ದಿನ. ಅಮ್ಮ ಬಲವಂತ ಮಾಡಿದ್ದಕ್ಕೆ ಬಂದೆ. ನೀವು ಜಗತ್ತಿನ ಮೂಲನಿವಾಸಿಗಳ ಆಯುಷ್ಯದ ಬಗ್ಗೆ ಚಿತ್ರಪಟ ತೋರಿಸಿ ಮಾತಾಡಿದಿರಿ. ಚೆನ್ನಾಗಿಯೇ ಮಾತಾಡಿದಿರಿ. ನ್ಯೂಜಿಲೆಂಡಿನ ಮಾವೊರಿಗಳು ಉಳಿದವರಿಗಿಂತ ಸುಮಾರು ಏಳು ವರ್ಷ ಕಡಿಮೆ ಬದುಕುತ್ತಾರೆ ಎಂದಿರಿ. ಆಸ್ಟ್ರೇಲಿಯದಲ್ಲಿ ಎಂಟು ವರ್ಷ. ಈ ದೇಶದಲ್ಲಿ ಕೊರೋನಾದ ಎರಡನೇ ವರ್ಷ ಮೂಲನಿವಾಸಿಗಳ ಸರಾಸರಿ ಆಯುಷ್ಯ ಅರವತ್ತೈದಕ್ಕೆ ಕುಸಿಯಿತು, ಇಡೀ ದೇಶ ಎರಡನೇ ಮಹಾಯುದ್ಧದ ಕಾಲದಲ್ಲಿ ಇದ್ದಷ್ಟು. ಆಮೇಲೆ ಸ್ವಲ್ಪ ಏರಿದೆ ಎಂದಿರಿ. ಕತ್ತಲ ಸಭಾಂಗಣದಲ್ಲಿ ಆ ಅರವತ್ತೈದು ಎಂಬ ಅಂಕಿ ನನ್ನನ್ನೇ ನೋಡಿತು. ಆಮೇಲೆ ಕೊನೆಯ ಚಿತ್ರ ಬಂತು: ನಮ್ಮ ಕೌಂಟಿ. ಯಾವ ಅಂತರವೂ ಇಲ್ಲ. ಎಲ್ಲರಿಗೂ ಸೇರಿ ಒಂದೇ ಹಸಿರು ಗೆರೆ.

ಸಂಘದ ಪದ್ಮಮ್ಮ ಆಂಟಿಗೇ ಅನುಮಾನ ಬಂತು. "ಅಲ್ರೀ ಡಾಕ್ಟ್ರ, ಜಗತ್ತಿನ್ಯಾಗೆಲ್ಲ ಫರಕ ಐತಿ, ನಮ್ಮ ಕೌಂಟಿಯೊಳಗ ಹೆಂಗ ಇಲ್ಲ?"

"ನಾವು ಫರಕ ಮಾಡಂಗಿಲ್ಲಲ್ಲ, ಪದ್ಮಮ್ಮಾರ," ಎಂದಿರಿ ನೀವು. "ಫರಕ ಮಾಡಲಾರದ ಕಡೆ ಫರಕ ಇರೂದಿಲ್ಲ."

ಚಪ್ಪಾಳೆ. ನಾನು ಎದ್ದು ನಿಂತೆ. "ಸರ, ಫರಕ ಇಲ್ಲೋ, ಕಾಣವಲ್ದೋ?"

"ನೀ ಏನ್ ಓದೀಯೋ ತಮ್ಮಾ?"

"ಹನ್ನೊಂದನೇತ್ತಾ ಬಿಟ್ಟೀನ್ರಿ."

ಇಡೀ ಸಭೆ ನಕ್ಕಿತು. ನೀವು ಪ್ರೀತಿಯಿಂದಲೇ, "ಮೊದಲ ಸಾಲಿ ಮುಗಸು, ಸ್ಟ್ಯಾಟಿಸ್ಟಿಕ್ಸ್ ಆಮ್ಯಾಗ ಮಾತಾಡೂಣು," ಎಂದಿರಿ. ಅಮ್ಮ ತಲೆ ತಗ್ಗಿಸಿದಳು. ನಿಮ್ಮ ಮಾತು ನನ್ನನ್ನು ನೋಯಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಶಾಲೆ ಮುಗಿಸಿದವರೆಲ್ಲ ಸೇರಿ ಆ ಹಸಿರು ಗೆರೆಗೆ ಚಪ್ಪಾಳೆ ತಟ್ಟಿದ್ದು ಇನ್ನೂ ಹೆಚ್ಚು ನೋಯಿಸಿತು.

ಊಟದ ಸಾಲಿನಲ್ಲಿ ನೀವೇ ನನ್ನ ಬಳಿ ಬಂದಿರಿ. ನನ್ನ ತಟ್ಟೆಗೆ ರೊಟ್ಟಿ ಹಾಕಿ, ನಿಮ್ಮ ಅಜ್ಜನ ಕಥೆ ಹೇಳಿದಿರಿ. ಮನೆಗೆ ಬಂದ ದಾರಿಹೋಕನನ್ನು ನಿಮ್ಮ ತಂದೆ ಹುಡುಗುತನದಲ್ಲಿ 'ನಿಂದ್ಯಾವ ಜಾತಿ' ಎಂದು ಕೇಳಿದ್ದಕ್ಕೆ ಅಜ್ಜ ಎಲ್ಲರೆದುರು ಕೆನ್ನೆಗೆ ಹೊಡೆದರಂತೆ, ಆ ದಾರಿಹೋಕನ ಎಲೆಯ ಪಕ್ಕದಲ್ಲೇ ಎಲೆ ಹಾಕಿಸಿಕೊಂಡು ಉಂಡರಂತೆ. "ಆ ಏಟು ನನ್ನ ಕೆನ್ನಿ ಮ್ಯಾಲೂ ಐತಿ," ಎಂದಾಗ ನಿಮ್ಮ ಕಣ್ಣು ತುಂಬಿತ್ತು. ನಾನು ನಿಮ್ಮನ್ನು ನಂಬುತ್ತೇನೆ. ಅದೇ ಈ ಪತ್ರದ ಕಷ್ಟ. ಕೆಟ್ಟವರಿಗೆ ಬರೆಯುವುದು ಸುಲಭ.

ನಿಮ್ಮ ಅಜ್ಜ ಸರಿ. ಅಲ್ಲಿ ಕೇಳುತ್ತಿದ್ದವನಿಗೆ ಬಂದವನನ್ನು ಜಗಲಿಯಲ್ಲಿ ಕೂರಿಸುವ ಅಧಿಕಾರವಿತ್ತು, ಕೇಳುವುದೆಂದರೆ ಹೊರಗಿಡುವುದು. ಆದರೆ ಅದೇ ಊರಿಗೆ ಕಾಲರಾ ಬಂದಾಗ ಯಾವ ಕೇರಿಯಲ್ಲಿ ಹೆಚ್ಚು ಹೆಣ ಎದ್ದವು ಎಂದು ನಿಮ್ಮ ಅಜ್ಜ ಕೇಳಿದ್ದರೇ? ಕೇಳಿದ್ದರೆ ಯಾವ ಕೇರಿಗೆ ಬಾವಿ ಇಲ್ಲ ಎಂಬುದು ಗೊತ್ತಾಗುತ್ತಿತ್ತು. ಪಂಕ್ತಿಯಲ್ಲಿ ಕೇಳಬಾರದು, ಸ್ಮಶಾನದಲ್ಲಿ ಕೇಳಲೇಬೇಕು. ಊರಲ್ಲಿ ಜಾತಿಗಣತಿಯ ಮಾತು ಬಂದಾಗ 'ನಮಗೆ ಜಾತಿಯೇ ನೆನಪಿಲ್ಲ, ನಮ್ಮನ್ನು ಯಾಕೆ ಕೇಳುತ್ತೀರಿ' ಎಂದು ಮುಖ ಸಿಂಡರಿಸುವವರು ಯಾರು? ಜಾತಿಯಿಂದ ಕಳೆದುಕೊಳ್ಳುವುದೇನೂ ಇಲ್ಲದವರು. ಮರೆಯುವುದೂ ಒಂದು ಅನುಕೂಲ. ಅದು ಎಲ್ಲರಿಗೂ ಸಿಗುವುದಿಲ್ಲ.

ನೀವೇ ತೋರಿಸಿದ ಮಾವೊರಿಗಳನ್ನು ನೋಡಿ. ಅಲ್ಲಿಯೂ ತೊಂಬತ್ತರ ದಶಕದ ಮಧ್ಯದವರೆಗೆ ಸಾವಿನ ದಾಖಲೆಯಲ್ಲಿ ರಕ್ತದ ಪಾಲು ಲೆಕ್ಕ ಹಾಕುತ್ತಿದ್ದರು, ಎಷ್ಟೋ ಮಾವೊರಿಗಳು ಸತ್ತ ಮೇಲೆ ಮಾವೊರಿಗಳಾಗಿ ಉಳಿಯುತ್ತಿರಲಿಲ್ಲ. ಆಮೇಲೆ ಸತ್ತವರ ದಾಖಲೆಯನ್ನು ಬದುಕಿದ್ದಾಗಿನ ಜನಗಣತಿಯ ಜೊತೆ ಹೋಲಿಸಿದರು. ಅಂತರ ತಾವು ಅಂದುಕೊಂಡದ್ದಕ್ಕಿಂತ ದೊಡ್ಡದು ಎಂದು ಗೊತ್ತಾಯಿತು. ನಾಚಿಕೆಯ ವಿಷಯ, ಆದರೆ ನಾಚಿಕೆಪಡಲಿಕ್ಕೂ ಒಂದು ಅಂಕಿ ಬೇಕು. ಆ ಏಳು ವರ್ಷವನ್ನು ನೀವು ನಾರ್ತ್‌ವಿಲ್‌ನ ಪರದೆಯ ಮೇಲೆ ತೋರಿಸಲು ಸಾಧ್ಯವಾದದ್ದು ಅಲ್ಲಿ ಯಾರೋ ಸತ್ತವರ ಮನೆಯವರನ್ನು ಕೇಳಿದ್ದರಿಂದ. ಈ ದೇಶದಲ್ಲೂ ಮೂಲನಿವಾಸಿಗಳ ಸಾವು ಬೇರೆಯವರ ಹೆಸರಿಗೆ ಹೋಗುತ್ತದೆ ಎಂದು ಅಂಕಿಸಂಖ್ಯೆಯವರೇ ಒಪ್ಪಿಕೊಂಡಿದ್ದಾರೆ. ತಿದ್ದದೇ ಹಾಗೇ ಬಿಟ್ಟರೆ ಅವರು ಬಹಳ ಕಾಲ ಬದುಕುವ ಅದೃಷ್ಟವಂತರಂತೆ ಕಾಣುತ್ತಾರಂತೆ. ಲೋರ್ನಾ ಇದನ್ನು ಕೇಳಿದ್ದರೆ, ಹಾಗಿದ್ರೆ ನನಗೂ ಗಾಲ್ಫ್ ಕಲಿಸು ಎನ್ನುತ್ತಿದ್ದಳು.

ನಿಮ್ಮ ಪರವಾಗಿ ಇರುವ ಮಾತನ್ನೂ ನಾನೇ ಹೇಳಿಬಿಡುತ್ತೇನೆ. ಕೇಳುವುದೆಲ್ಲ ಪುಣ್ಯವಲ್ಲ. ಲೋರ್ನಾಳ ತಾಯಿ, ಬಾಗಿಲಿಗೆ ಯಾವ ಅಧಿಕಾರಿ ಬಂದರೂ ನಾವು ಫ್ರೆಂಚರು ಎನ್ನುತ್ತಿದ್ದಳಂತೆ. ನಿಜ ಹೇಳಿ, ಸರ್ಕಾರ ಬಲವಂತವಾಗಿ ಒಯ್ಯುತ್ತಿದ್ದ ದೂರದ ವಸತಿ ಶಾಲೆಗೆ ಮಕ್ಕಳನ್ನು ಕಳೆದುಕೊಂಡವರನ್ನು ಅವಳು ನೋಡಿದ್ದಳು. ಕೇಳುವವನ ಕೈಯಲ್ಲಿ ಏನಿದೆ ಎಂದು ನೋಡಿ ಉತ್ತರ ಹೇಳಬೇಕಾದ ಜನ ಅವರು. ಆದರೆ ಲೋರ್ನಾ ಬೂದು ಕಣ್ಣಿಟ್ಟುಕೊಂಡೂ, ಸುಮ್ಮನಿದ್ದಿದ್ದರೆ ಬಿಳಿಯಳಾಗಿಯೇ ಸಲೀಸಾಗಿ ಬದುಕಬಹುದಾಗಿದ್ದೂ, ಜೀವನವಿಡೀ ಎದುರಿಗೆ ಸಿಕ್ಕವರಿಗೆಲ್ಲ ತಾನು ಯಾರೆಂದು ಹೇಳಿದಳು. ತಾಯಿ ಹೆದರಿ ಬಚ್ಚಿಟ್ಟದ್ದನ್ನು ಮಗಳು ಹಟ ಹಿಡಿದು ವಾಪಸು ಪಡೆದಿದ್ದಳು. ಅದನ್ನು ಅವಳ ಕೈಯಿಂದ ಕಸಿದದ್ದು ದ್ವೇಷವಲ್ಲ, ನಿಮ್ಮ ಸಭ್ಯತೆ.

ಈಗ ಬದುಕಿರುವವಳ ವಿಷಯ. ಚರ್ಚಿನ ನೆಲಮಾಳಿಗೆಯಲ್ಲಿ ಅವರ ಸಮುದಾಯದವರು ಒಂದು ಸಣ್ಣ ಕ್ಲಿನಿಕ್ಕು ನಡೆಸುತ್ತಾರೆ. ನಿಮ್ಮ ಇಲಾಖೆ ಕಳಿಸುವ ನರ್ಸೊಬ್ಬಳು ಅಲ್ಲಿ ರಕ್ತ, ಮೂತ್ರ, ಪಾದ ಪರೀಕ್ಷಿಸುತ್ತಾಳೆ. ಡೀನಾಳ ಮೂತ್ರಪಿಂಡ ಅರ್ಧದಷ್ಟು ಮಾತ್ರ ಕೆಲಸ ಮಾಡುತ್ತಿದೆ ಎಂದು ಕಂಡುಹಿಡಿದವಳು ಅವಳೇ. ಈಗಲೇ ಹಿಡಿದು ನಿಲ್ಲಿಸಿದರೆ ಯಂತ್ರವನ್ನು ಇಪ್ಪತ್ತು ವರ್ಷ ದೂರ ಇಡಬಹುದು ಎಂದಳಂತೆ. ಮೇ ತಿಂಗಳಲ್ಲಿ ಆ ನರ್ಸಿನ ಕೆಲಸ ಮುಂದುವರಿಸಲು ನಿಮ್ಮ ಇಲಾಖೆ ನಿರಾಕರಿಸಿತು. ಕಾರಣ: ಈ ಸಮುದಾಯಕ್ಕೆ ಕೌಂಟಿಯಲ್ಲಿ ಆರೋಗ್ಯದ ಅಂತರವಿದೆ ಎಂಬುದಕ್ಕೆ ಪುರಾವೆಯಿಲ್ಲ. ಆ ಪುರಾವೆಯನ್ನು ನಾಲ್ಕು ದಿನ ಬೆಂಕಿ ಕಾದು ಕಳಿಸಿಕೊಟ್ಟವಳು ಡೀನಾ. ಅದು ನಿಮ್ಮ ಹತ್ತಿರವೇ ಇದೆ, ಹಸಿರು ಗೆರೆಯ ಒಳಗೆ. ಡೀನಾಳಿಗೆ ಈಗ ಮೂವತ್ತಾರು. ಅಣ್ಣ ಸತ್ತ ವಯಸ್ಸನ್ನು ದಾಟಿದ್ದೇನೆ, ಅಮ್ಮನದು ಮುಟ್ಟುತ್ತೇನೋ ಇಲ್ಲವೋ ಎನ್ನುತ್ತಾಳೆ. ತಾಯಿಯ ಕುರ್ಚಿಯಲ್ಲಿ ಅವಳು ಕೂರುವುದಿಲ್ಲ. ಅವಳ ಮಗಳಿಗೆ ಹದಿನಾಲ್ಕು, ಅವಳನ್ನೂ ಕೂರಲು ಬಿಡುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ. 'ಕೇಳಬೇಡಿ' ಎಂಬ ಆದೇಶವನ್ನು ವಾಪಸು ತೆಗೆದುಕೊಳ್ಳಿ. ಎರಡು ವರ್ಷದಲ್ಲಿ ಕಣ್ಣಂದಾಜಿನಲ್ಲಿ ಬರೆದ ಸಾವುಗಳ ಮನೆಗಳಿಗೆ ಜನರನ್ನು ಕಳಿಸಿ. ಯಾಕೆ ಕೇಳುತ್ತಿದ್ದೇವೆ ಎಂದು ಮೊದಲು ಹೇಳಲಿ. ಹೇಳದಿರುವ ಹಕ್ಕು ಅವರಿಗಿರಲಿ. ಹೇಳಿದರೆ ಅವರ ಬಾಯಿಂದ ಬಂದದ್ದನ್ನೇ ಬರೆಯಲಿ. ಅಲ್ಲಿಯವರೆಗೆ ಆ ನರ್ಸನ್ನು ತೆಗೆಯಬೇಡಿ. ಒಂದು ಮನೆಗೆ ಮಾತ್ರ ಯಾರನ್ನೂ ಕಳಿಸದೆ ನೀವೇ ಬನ್ನಿ. ದಕ್ಷಿಣ ವಾರೆನ್‌ನಲ್ಲಿ, ಹಿತ್ತಲಿನ ಹುಲ್ಲು ಒಂದು ಕಡೆ ಸುಟ್ಟು ಕಪ್ಪಾಗಿರುವ ಮನೆ. ಈ ತಿಂಗಳು ಮುಗಿಯುವ ಮೊದಲು ಬನ್ನಿ.

ಡೀನಾ ಬಾಗಿಲು ತೆರೆಯುತ್ತಾಳೆ, ಒಳಗೆ ಕರೆಯುತ್ತಾಳೆ, ಕಾಫಿ ಕೊಡುತ್ತಾಳೆ. ಕೂತು, ನಿಮ್ಮ ತಾಯಿ ಯಾರು ಎಂದು ಕೇಳಿ. ಉತ್ತರ ಉದ್ದವಿರುತ್ತದೆ, ಪೂರ್ತಿ ಕೇಳಿಸಿಕೊಳ್ಳಿ. ಅದು ಮುಗಿದ ಮೇಲೆ ಅವಳೂ ನಿಮ್ಮನ್ನು ಒಂದು ಮಾತು ಕೇಳುತ್ತಾಳೆ: ಡಾಕ್ಟರೇ, ನನಗಿನ್ನೆಷ್ಟು ವರ್ಷ? ಅದಕ್ಕೆ ಏನು ಹೇಳುತ್ತೀರಿ ಎಂದು ಯೋಚಿಸಿಕೊಂಡು ಬನ್ನಿ.

ಇಂತಿ,
ಸತ್ತವಳ ಮನೆಯಲ್ಲಿ ಉಳಿದುಹೋದ ಬಾಡಿಗೆದಾರ,
ಸುಶಾಂತ
ವಾರೆನ್, ಮಿಶಿಗನ್